ಅಮೆರಿಕ: ವಲಸೆ ಅಧಿಕಾರಿ ಬಾಗಿಲು ತಟ್ಟಿದಾಗ ಕಾನೂನು ಹೇಳುವುದೇನು?

ಬೆಂಗಳೂರು: ಓದಲೆಂದೋ, ದುಡಿಯಲೆಂದೋ, ಮಕ್ಕಳು ಮೊಮ್ಮಕ್ಕಳನ್ನು ನೋಡಲೆಂದೋ ಅಮೆರಿಕಕ್ಕೆ ತೆರಳಿದವರಿಲ್ಲದ ಬಡಾವಣೆ ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಅಪರೂಪ. ಹೀಗಾಗಿ ಆ ದೇಶದ ವಲಸೆ ನೀತಿಯಲ್ಲಿ ಆಗುವ ಪ್ರತಿಯೊಂದು ಬದಲಾವಣೆಯೂ ಇಲ್ಲಿನ ಮನೆಗಳಲ್ಲಿ ಚರ್ಚೆಗೆ ಒಳಗಾಗುತ್ತದೆ. 2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೇ ಬಾರಿಗೆ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ದಿನದಿಂದ ವಲಸೆ ಕಾನೂನಿನ ಜಾರಿ ಬಿರುಸುಗೊಂಡಿತು. ಅದೇ ವರ್ಷದ ಫೆಬ್ರುವರಿ 5ರಂದು 104 ಭಾರತೀಯರನ್ನು ಕೈಕಾಲುಗಳಿಗೆ ಕೋಳ ತೊಡಿಸಿ ಕರೆತಂದ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದ ಮೇಲಂತೂ, ಸಕ್ರಮವಾಗಿ ನೆಲೆಸಿರುವವರ ಹೆತ್ತವರಲ್ಲೂ ಆತಂಕ ಮನೆಮಾಡಿತು.

ಈ ಆತಂಕದ ನಡುವೆ 'ನಿಮ್ಮ ಹಕ್ಕುಗಳನ್ನು ಅರಿಯಿರಿ' ಎಂಬ ಅರ್ಥದ ಚೀಟಿಗಳು, ಸಂದೇಶಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿವೆ. ಬಾಗಿಲು ತೆರೆಯಬೇಡಿ, ಬಾಯಿ ಬಿಡಬೇಡಿ, ಸಹಿ ಹಾಕಬೇಡಿ ಎಂಬುದು ಅವುಗಳ ಸಾರ. ಇವು ಸುಳ್ಳಲ್ಲ. ಆದರೆ ಬಹುಮಟ್ಟಿಗೆ ದಾಖಲೆಗಳಿಲ್ಲದ ವಲಸಿಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸಿದ್ಧಪಡಿಸಿದವು. ಎಚ್-1ಬಿ ವೀಸಾದಲ್ಲಿರುವ ಎಂಜಿನಿಯರ್, ಎಫ್-1 ವಿದ್ಯಾರ್ಥಿ, ಪ್ರವಾಸಿ ವೀಸಾದಲ್ಲಿ ಮಗಳ ಬಾಣಂತನಕ್ಕೆ ಹೋಗಿರುವ ತಾಯಿ, ಇವರೆಲ್ಲರಿಗೂ ಅವುಗಳನ್ನು ಅಕ್ಷರಶಃ ಅನ್ವಯಿಸಿದರೆ ಕೆಲವು ಸಂದರ್ಭಗಳಲ್ಲಿ ಹಾನಿಯೇ ಆದೀತು. ಯಾರಿಗೆ, ಎಲ್ಲಿ, ಯಾವ ಹಕ್ಕು ಎಂಬುದನ್ನು ಬಿಡಿಸಿ ನೋಡುವ ಅಗತ್ಯ ಇರುವುದು ಇದೇ ಕಾರಣಕ್ಕೆ.

ಬಂದವರು ಯಾರು?

'ವಲಸೆ ಅಧಿಕಾರಿ' ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಂಸ್ಥೆಗಳ ಸಿಬ್ಬಂದಿ ಬರುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ರಚನೆಯಾದ ಆಂತರಿಕ ಭದ್ರತಾ ಇಲಾಖೆಯ ಅಡಿಯಲ್ಲಿ 2003ರಲ್ಲಿ ಹಳೆಯ ವಲಸೆ ಸಂಸ್ಥೆಯನ್ನು ಒಡೆದು ಈ ವ್ಯವಸ್ಥೆಯನ್ನು ತರಲಾಯಿತು. ದೇಶದ ಒಳಗೆ ಬಂಧನ, ಗಡೀಪಾರು ನಡೆಸುವುದು ವಲಸೆ ಮತ್ತು ಸುಂಕ ಜಾರಿ ಸಂಸ್ಥೆ. ಜನರ ಬಾಯಲ್ಲಿ ಇದು 'ಐಸ್'. ವಿಮಾನ ನಿಲ್ದಾಣ ಹಾಗೂ ಗಡಿಗಳಲ್ಲಿ ತಪಾಸಣೆ ನಡೆಸುವುದು ಸುಂಕ ಮತ್ತು ಗಡಿ ರಕ್ಷಣಾ ಸಂಸ್ಥೆ, ಅಂದರೆ ಸಿಬಿಪಿ. ವೀಸಾ ವಿಸ್ತರಣೆ, ಗ್ರೀನ್ ಕಾರ್ಡ್, ಪೌರತ್ವದ ಅರ್ಜಿಗಳನ್ನು ನೋಡಿಕೊಳ್ಳುವುದು ಯುಎಸ್‌ಸಿಐಎಸ್. ಕಚೇರಿಗೆ ಬಂದು "ನೀವು ಯಾವ ಹುದ್ದೆಯಲ್ಲಿದ್ದೀರಿ?" ಎಂದು ಕೇಳುವವರು ಸಾಮಾನ್ಯವಾಗಿ ಈ ಮೂರನೆಯವರು. ಬಂದವರು ಯಾವ ಸಂಸ್ಥೆಯವರು ಎಂದು ಮೊದಲು ಕೇಳಿ ತಿಳಿಯುವುದು ಅವಶ್ಯ, ಏಕೆಂದರೆ ಮುಂದಿನ ಉತ್ತರಗಳೆಲ್ಲ ಅದನ್ನೇ ಅವಲಂಬಿಸಿವೆ.

ಪ್ರಜೆಯಲ್ಲ, ವ್ಯಕ್ತಿ

ಪೌರತ್ವವೇ ಇಲ್ಲದವರಿಗೆ ಸಂವಿಧಾನದ ರಕ್ಷಣೆ ಎಲ್ಲಿಯದು ಎಂದು ಕೇಳುವವರಿದ್ದಾರೆ. ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿ ಅಕಾರಣ ಶೋಧ ಮತ್ತು ಬಂಧನದಿಂದ ಜನರನ್ನು ರಕ್ಷಿಸುತ್ತದೆ. ಐದನೇ ತಿದ್ದುಪಡಿಯು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯದಿರುವ ಹಕ್ಕನ್ನೂ, ನ್ಯಾಯಬದ್ಧ ವಿಚಾರಣೆಯ ಹಕ್ಕನ್ನೂ ನೀಡುತ್ತದೆ. ಐದನೇ ಮತ್ತು ಹದಿನಾಲ್ಕನೇ ತಿದ್ದುಪಡಿಗಳು ಈ ರಕ್ಷಣೆ ನೀಡುವಾಗ ಬಳಸಿರುವ ಪದ 'ಪ್ರಜೆ' ಅಲ್ಲ, 'ವ್ಯಕ್ತಿ'. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಚೀನೀಯರ ಪ್ರಕರಣದಲ್ಲಿ 1886ರಲ್ಲೂ, ವಿಚಾರಣೆಯಿಲ್ಲದೆ ಕಠಿಣ ದುಡಿಮೆಯ ಶಿಕ್ಷೆಗೆ ಗುರಿಯಾದ ಚೀನೀಯರ ಪ್ರಕರಣದಲ್ಲಿ 1896ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಇದೇ ನ್ಯಾಯಾಲಯವೇ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು 'ಬಿಳಿಯರಲ್ಲ'ವೆಂದು ಹೇಳಿ ಪೌರತ್ವದ ಬಾಗಿಲು ಮುಚ್ಚಿತ್ತು, ಅದು ಮತ್ತೆ ತೆರೆದದ್ದು 1946ರ ಕಾನೂನಿನಿಂದ ಎಂಬುದನ್ನೂ ಇಲ್ಲಿ ನೆನೆಯಬಹುದು.

ಆದರೆ ಒಂದು ಮಿತಿಯನ್ನು ಆರಂಭದಲ್ಲೇ ಹೇಳಬೇಕು. ಗಡೀಪಾರು ಪ್ರಕ್ರಿಯೆ ಅಮೆರಿಕದ ಕಾನೂನಿನಲ್ಲಿ ಕ್ರಿಮಿನಲ್ ಅಲ್ಲ, ಸಿವಿಲ್ ಸ್ವರೂಪದ್ದು. ಸಿನಿಮಾಗಳಲ್ಲಿ ಕಾಣುವಂತೆ, ಬಂಧಿಸಿದ ಕೂಡಲೇ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಒದಗಿಸುವ ಪದ್ಧತಿ ಇಲ್ಲಿಲ್ಲ. ಹಕ್ಕು ಉಲ್ಲಂಘಿಸಿ ಸಂಗ್ರಹಿಸಿದ ಸಾಕ್ಷ್ಯವನ್ನೂ ವಲಸೆ ನ್ಯಾಯಾಲಯ ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ. ಅತಿರೇಕದ ಉಲ್ಲಂಘನೆ ನಡೆದಿದ್ದರೆ ಮಾತ್ರ ಬೇರೆ ಮಾತು ಎಂದು ಸುಪ್ರೀಂ ಕೋರ್ಟ್ 1984ರ ಲೋಪೆಜ್-ಮೆಂಡೋಜಾ ಪ್ರಕರಣದಲ್ಲಿ ಸೂಚಿಸಿದೆ. ಆದ್ದರಿಂದ ಹಕ್ಕನ್ನು ಬಳಸಬೇಕಾದ್ದು ಅಧಿಕಾರಿ ಎದುರಿಗಿರುವ ಆ ಗಳಿಗೆಯಲ್ಲೇ. ನಂತರ ನ್ಯಾಯಾಲಯದಲ್ಲಿ ಸರಿಪಡಿಸಿಕೊಳ್ಳೋಣವೆಂದರೆ ಕಷ್ಟ.

ಹೊಸ್ತಿಲ ಮಹತ್ವ

ಅಮೆರಿಕದ ಕಾನೂನಿನಲ್ಲಿ ಅತ್ಯಂತ ಗಟ್ಟಿಯಾದ ರಕ್ಷಣೆ ಇರುವುದು ಮನೆಯ ಹೊಸ್ತಿಲಿಗೆ. ತುರ್ತು ಸಂದರ್ಭಗಳನ್ನು ಬಿಟ್ಟರೆ, ಒಳಗೆ ಪ್ರವೇಶಿಸಲು ಒಂದೋ ನ್ಯಾಯಾಧೀಶರ ವಾರಂಟ್ ಬೇಕು, ಇಲ್ಲವೇ ಮನೆಯವರ ಒಪ್ಪಿಗೆ ಬೇಕು. ವಲಸೆ ಅಧಿಕಾರಿಗಳ ಬಳಿ ಸಾಮಾನ್ಯವಾಗಿ ಇರುವುದು ಬೇರೆಯೇ ಕಾಗದ. ಐ-200 ಎಂಬ ನಮೂನೆ ಬಂಧನಕ್ಕೆ, ಐ-205 ಎಂಬುದು ಗಡೀಪಾರಿಗೆ. ಇವುಗಳ ಮೇಲೂ 'ವಾರಂಟ್' ಎಂದೇ ಅಚ್ಚಾಗಿರುತ್ತದೆ. ಆದರೆ ಸಹಿ ಮಾಡಿರುವುದು ನ್ಯಾಯಾಧೀಶರಲ್ಲ, ಅದೇ ಇಲಾಖೆಯ ಅಧಿಕಾರಿ. ಇಂಥ ಆಡಳಿತಾತ್ಮಕ ವಾರಂಟ್ ಹಿಡಿದು ಸಾರ್ವಜನಿಕ ಸ್ಥಳದಲ್ಲಿ ವ್ಯಕ್ತಿಯನ್ನು ಬಂಧಿಸಬಹುದು. ಒಪ್ಪಿಗೆಯಿಲ್ಲದೆ ಮನೆಯೊಳಗೆ ಹೋಗಲು ಅದು ಸಾಲದು ಎಂಬುದು ಬಹುಕಾಲದಿಂದ ನಡೆದುಬಂದ ತಿಳಿವಳಿಕೆ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಕಾಗದದ ತಲೆಬರಹದಲ್ಲಿ ನ್ಯಾಯಾಲಯದ ಹೆಸರಿದೆಯೇ, ಕೆಳಗೆ ನ್ಯಾಯಾಧೀಶರ ಸಹಿ ಇದೆಯೇ, ವಿಳಾಸ ಮತ್ತು ದಿನಾಂಕ ಸರಿಯಾಗಿವೆಯೇ ಎಂದು ನೋಡಬೇಕು. ಆಂತರಿಕ ಭದ್ರತಾ ಇಲಾಖೆಯ ಹೆಸರಷ್ಟೇ ಇದ್ದರೆ ಅದು ಆಡಳಿತಾತ್ಮಕ ವಾರಂಟ್. ಬಾಗಿಲು ತೆರೆಯದೆಯೇ, ಕಾಗದವನ್ನು ಕಿಟಕಿಗೆ ಹಿಡಿಯುವಂತೆ ಅಥವಾ ಬಾಗಿಲ ಸಂದಿನಿಂದ ತೂರಿಸುವಂತೆ ಕೇಳಬಹುದು.

ಇಲ್ಲಿ ನಮ್ಮವರು ಎಡವುವ ಸಾಧ್ಯತೆ ಹೆಚ್ಚು. ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡುವುದು ನಮ್ಮಲ್ಲಿ ಅಗೌರವ. "ಬನ್ನಿ, ಒಳಗೆ ಬನ್ನಿ" ಎಂಬುದು ಯೋಚಿಸದೆಯೇ ಬಾಯಿಗೆ ಬರುವ ಮಾತು. ಮಗ, ಸೊಸೆ ಕೆಲಸಕ್ಕೆ ಹೋದಾಗ ಮನೆಯಲ್ಲಿರುವ ಹಿರಿಯರು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತರೆ, ಅದನ್ನೇ ಒಪ್ಪಿಗೆ ಎಂದು ಅಧಿಕಾರಿ ಬರೆದುಕೊಳ್ಳಬಹುದು. ಹಿರಿಯರಿಗೆ ಹೇಳಿಕೊಡಬೇಕಾದ್ದು ಇಷ್ಟೇ: ಬಾಗಿಲು ತೆರೆಯದೆ "ಐ ಡು ನಾಟ್ ಕನ್ಸೆಂಟ್" ಎಂದು ವಿನಯದಿಂದ ಹೇಳಿ, ಮಕ್ಕಳಿಗೆ ಫೋನ್ ಮಾಡುವುದು. ಒಂದೇ ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕೈದು ಮಂದಿ ಸೇರಿ ವಾಸಿಸುವ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಜೊತೆಯಲ್ಲಿ ವಾಸಿಸುವವನು ಒಪ್ಪಿಗೆ ನೀಡಿದರೆ ಅದು ಸಾಮಾನ್ಯವಾಗಿ ಸಿಂಧು. ಆದರೆ ಸ್ಥಳದಲ್ಲೇ ಇರುವ ಇನ್ನೊಬ್ಬ ನಿವಾಸಿ ಎದುರಿಗೇ ನಿರಾಕರಿಸಿದರೆ ಅವನ ವಿರುದ್ಧ ಆ ಒಪ್ಪಿಗೆ ನಿಲ್ಲದು ಎಂದು 2006ರ ಜಾರ್ಜಿಯಾ ವಿರುದ್ಧ ರ್‍ಯಾಂಡಾಲ್ಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಮನೆ ಹಂಚಿಕೊಂಡವರು ಈ ಬಗ್ಗೆ ಮೊದಲೇ ಮಾತಾಡಿಕೊಂಡಿರುವುದು ಲೇಸು.

ಈ ವ್ಯತ್ಯಾಸ ಪುಸ್ತಕದ ಮಾತಲ್ಲ. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಭಾರತೀಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ವೀಸಾ ರದ್ದಾಗಿ, ಅಧಿಕಾರಿಗಳು ಅವರ ವಸತಿಗೆ ಬಂದಾಗ ಬಾಗಿಲು ತೆರೆಯಲಿಲ್ಲ. ಅಧಿಕಾರಿಗಳು ನ್ಯಾಯಾಧೀಶರ ವಾರಂಟ್‌ನೊಂದಿಗೆ ಮರಳುವಷ್ಟರಲ್ಲಿ ಆಕೆ ಕೆನಡಾಕ್ಕೆ ತೆರಳಿಯಾಗಿತ್ತು.

ಆದರೆ ಹೊಸ್ತಿಲಿನ ಈ ರಕ್ಷಣೆಯೂ ಈಗ ವಿವಾದಕ್ಕೆ ಸಿಲುಕಿದೆ. ಅಂತಿಮ ಗಡೀಪಾರು ಆದೇಶ ಹೊರಬಿದ್ದಿರುವವರ ಮನೆಗೆ ಐ-205 ವಾರಂಟ್ ಬಲದಿಂದಲೇ, ಒಪ್ಪಿಗೆಯಿಲ್ಲದೆ ನುಗ್ಗಬಹುದೆಂದು 2025ರ ಮೇ ತಿಂಗಳಲ್ಲಿ ಐಸ್ ಹೊರಡಿಸಿದ್ದ ಆಂತರಿಕ ಟಿಪ್ಪಣಿಯೊಂದು 2026ರ ಜನವರಿಯಲ್ಲಿ ಬಹಿರಂಗವಾಯಿತು. ಅದೇ ತಿಂಗಳು ಮಿನ್ನೆಸೋಟದ ಫೆಡರಲ್ ನ್ಯಾಯಾಧೀಶರೊಬ್ಬರು, ನ್ಯಾಯಾಲಯದ ವಾರಂಟ್ ಇಲ್ಲದೆ ಮನೆಯೊಂದಕ್ಕೆ ಬಲವಂತವಾಗಿ ಪ್ರವೇಶಿಸಿದ್ದು ನಾಲ್ಕನೇ ತಿದ್ದುಪಡಿಯ ಉಲ್ಲಂಘನೆ ಎಂದು ಹೇಳಿದರು. ಗಡೀಪಾರು ಆದೇಶವೇ ಇಲ್ಲದ ವೀಸಾದಾರರಿಗೆ ಈ ಟಿಪ್ಪಣಿ ನೇರವಾಗಿ ಅನ್ವಯಿಸದು. ಆದರೂ ಅಧಿಕಾರಿಗಳು ಬಾಗಿಲು ಮುರಿದೇ ಒಳಬಂದರೆ ಅಡ್ಡ ನಿಲ್ಲುವುದು, ತಳ್ಳಾಡುವುದು ಎಂದಿಗೂ ಸಲ್ಲದು. ಅದು ಪ್ರತ್ಯೇಕ ಅಪರಾಧವಾಗುತ್ತದೆ. ತನ್ನ ಒಪ್ಪಿಗೆ ಇಲ್ಲವೆಂದು ಸ್ಪಷ್ಟವಾಗಿ ಹೇಳುತ್ತಿರುವುದಷ್ಟೇ ಮುಂದಿನ ಕಾನೂನು ಹೋರಾಟಕ್ಕೆ ಆಧಾರ.

ಮೌನ: ಎಲ್ಲರಿಗೂ ಒಂದೇ ಅಲ್ಲ

ಪ್ರಶ್ನೆಗಳಿಗೆ ಉತ್ತರಿಸದಿರುವ ಹಕ್ಕು ಹೆಚ್ಚು ಪ್ರಚಾರ ಪಡೆದಿದೆ, ಅಷ್ಟೇ ತಪ್ಪಾಗಿಯೂ ಅರ್ಥೈಸಲ್ಪಟ್ಟಿದೆ. ಗಡೀಪಾರು ವಿಚಾರಣೆಯಲ್ಲಿ ಎದುರಿಗಿರುವ ವ್ಯಕ್ತಿ ವಿದೇಶೀಯ ಎಂಬುದನ್ನು ಮೊದಲು ಸಾಬೀತುಪಡಿಸಬೇಕಾದ ಹೊಣೆ ಸರ್ಕಾರದ್ದು. ಯಾವ ದಾಖಲೆಯೂ ಇಲ್ಲದೆ ಗಡಿ ದಾಟಿ ಬಂದವನ ಬಗ್ಗೆ ಸರ್ಕಾರದ ಬಳಿ ಏನೂ ಇರುವುದಿಲ್ಲ. "ಎಲ್ಲಿ ಹುಟ್ಟಿದೆ?" ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರವೇ ಅವನ ವಿರುದ್ಧದ ಸಾಕ್ಷ್ಯವಾಗುತ್ತದೆ. ಮೌನದ ಸಲಹೆಯ ಹಿಂದಿರುವ ತರ್ಕ ಇದು.

ವೀಸಾ ಪಡೆದು ವಿಮಾನದಲ್ಲಿ ಬಂದಿಳಿದವರ ಸ್ಥಿತಿ ಬೇರೆ. ಅವರ ಭಾವಚಿತ್ರ, ಬೆರಳಚ್ಚು, ಜನ್ಮಸ್ಥಳ ಎಲ್ಲವೂ ಸರ್ಕಾರದ ಕಂಪ್ಯೂಟರಿನಲ್ಲಿವೆ. ಅಲ್ಲದೆ ಅವರ ಮೇಲೆ ಎರಡು ಕರ್ತವ್ಯಗಳಿವೆ. ಒಂದು, 18 ವರ್ಷ ತುಂಬಿದ ಪ್ರತಿಯೊಬ್ಬ ವಿದೇಶೀಯನೂ ತನ್ನ ನೋಂದಣಿ ದಾಖಲೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಗ್ರೀನ್ ಕಾರ್ಡ್, ಉದ್ಯೋಗ ಪರವಾನಗಿ ಕಾರ್ಡ್, ಪ್ರವೇಶ ದಾಖಲೆಯಾದ ಐ-94 ಇವು ಅಂಥ ದಾಖಲೆಗಳು. ತಪ್ಪಿದರೆ ದಂಡ ಅಥವಾ 30 ದಿನಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ದಶಕಗಳಿಂದ ಪುಸ್ತಕದಲ್ಲಿ ನಿದ್ರಿಸುತ್ತಿದ್ದ ಈ ನಿಯಮವನ್ನು 2025ರ ಏಪ್ರಿಲ್ 11ರಿಂದ ಬಿಗಿಯಾಗಿ ಜಾರಿಗೊಳಿಸಲಾಗುತ್ತಿದೆ. ಎರಡು, ವಲಸಿಗೇತರ ವೀಸಾದಲ್ಲಿರುವವರು, ಅಂದರೆ ಎಚ್-1ಬಿ, ಎಫ್-1, ಎಲ್-1, ಬಿ-2 ಇತ್ಯಾದಿ, ಇಲಾಖೆ ಕೇಳುವ ಮಾಹಿತಿಯನ್ನು ಪೂರ್ಣವಾಗಿ, ಸತ್ಯವಾಗಿ ನೀಡಬೇಕೆಂಬುದು ಅವರ ವಾಸ್ತವ್ಯದ ಷರತ್ತುಗಳಲ್ಲೇ ಸೇರಿದೆ. ಉದ್ದೇಶಪೂರ್ವಕವಾಗಿ ಮಾಹಿತಿ ನಿರಾಕರಿಸಿದರೆ ವೀಸಾ ಸ್ಥಿತಿಯ ಉಲ್ಲಂಘನೆ ಎಂದು ಪರಿಗಣಿಸಲು ನಿಯಮಾವಳಿಯಲ್ಲಿ ಅವಕಾಶವಿದೆ.

ಹಾಗಾದರೆ ಮಾಡಬೇಕಾದ್ದೇನು? ದಾಖಲೆ ಸರಿಯಿರುವ ವೀಸಾದಾರರು ಹೆಸರು ಹೇಳಿ, ಐ-94 ಪ್ರತಿಯನ್ನೋ ಗ್ರೀನ್ ಕಾರ್ಡನ್ನೋ ತೋರಿಸುವುದು ವಿವೇಕ. ಅದರಾಚೆಗಿನ ಪ್ರಶ್ನೆಗಳು, ಅಂದರೆ ಯಾರ ಜೊತೆ ಓಡಾಡುತ್ತೀರಿ, ಯಾವ ಸಭೆಗೆ ಹೋಗಿದ್ದಿರಿ, ಹಿಂದಿನ ಕಂಪನಿ ಯಾಕೆ ಬಿಟ್ಟಿರಿ ಎಂಬಂಥವು ಬಂದಾಗ "ವಕೀಲರ ಸಮ್ಮುಖದಲ್ಲಿ ಉತ್ತರಿಸುತ್ತೇನೆ" ಎನ್ನಬಹುದು. ಇದು ನಿರಾಕರಣೆಯಲ್ಲ, ಮುಂದೂಡಿಕೆ. ಸಂಪೂರ್ಣ ಮೌನಕ್ಕೂ ಹರಟೆಗೂ ನಡುವಿನ ದಾರಿ.

ಸುಳ್ಳನ್ನಂತೂ ಹೇಳಲೇಬಾರದು. ಫೆಡರಲ್ ಅಧಿಕಾರಿಗೆ ಸುಳ್ಳು ಹೇಳಿಕೆ ನೀಡುವುದು ಐದು ವರ್ಷಗಳವರೆಗೆ ಶಿಕ್ಷೆಗೆ ಅರ್ಹವಾದ ಅಪರಾಧ. ಹೆದರಿಕೆಯಿಂದಲೋ ಉಡಾಫೆಯಿಂದಲೋ ತಾನು ಅಮೆರಿಕದ ಪ್ರಜೆ ಎಂದು ಹೇಳಿಕೊಂಡರೆ, ಕೆಲವೇ ವಿನಾಯಿತಿಗಳನ್ನು ಬಿಟ್ಟು, ಆ ದೇಶದ ವೀಸಾ ಮತ್ತು ಗ್ರೀನ್ ಕಾರ್ಡಿನ ದಾರಿ ಶಾಶ್ವತವಾಗಿ ಮುಚ್ಚಿದಂತೆಯೇ. ಹತ್ತು ವರ್ಷ ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತವರು ಒಂದು ವಾಕ್ಯದಿಂದ ಅದನ್ನು ಕಳೆದುಕೊಳ್ಳಬಹುದು.

ಎಚ್-4 ವೀಸಾದಲ್ಲಿರುವ ಮಕ್ಕಳಿರುವ ಕುಟುಂಬಗಳು ಮತ್ತೊಂದು ವಿಷಯವನ್ನು ಮರೆಯುತ್ತವೆ. ಮಗುವಿಗೆ 14 ತುಂಬಿದ 30 ದಿನಗಳೊಳಗೆ ಮರು ನೋಂದಣಿ ಮಾಡಿಸಿ ಬೆರಳಚ್ಚು ನೀಡಬೇಕು. ಮನೆ ಬದಲಿಸಿದರೆ 10 ದಿನಗಳೊಳಗೆ ಎಆರ್-11 ನಮೂನೆಯಲ್ಲಿ ಹೊಸ ವಿಳಾಸ ತಿಳಿಸಬೇಕು.

ರಸ್ತೆಯಲ್ಲಿ, ಕಾರಿನಲ್ಲಿ

ಸಾರ್ವಜನಿಕ ಸ್ಥಳದಲ್ಲಿ ಅಧಿಕಾರಿ ಯಾರನ್ನು ಬೇಕಾದರೂ ಮಾತಾಡಿಸಬಹುದು. ಆದರೆ ಬಲವಂತವಾಗಿ ತಡೆದು ನಿಲ್ಲಿಸಲು 'ಸಕಾರಣ ಶಂಕೆ' ಇರಬೇಕು. ಮೊದಲು ಕೇಳಬೇಕಾದ ಪ್ರಶ್ನೆ, "ಆಮ್ ಐ ಫ್ರೀ ಟು ಗೋ?" ಹೌದೆಂದರೆ ಶಾಂತವಾಗಿ ಹೊರಟುಹೋಗಬಹುದು. ಓಡಬಾರದು.

ಮುಖಚಹರೆಯಷ್ಟೇ ಶಂಕೆಗೆ ಆಧಾರವಾಗದು ಎಂದು ಸುಪ್ರೀಂ ಕೋರ್ಟ್ 1975ರ ಬ್ರಿಗ್ನೋನಿ-ಪಾನ್ಸೆ ಪ್ರಕರಣದಲ್ಲಿ ಹೇಳಿತ್ತು. 2025ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಸರಣಿ ಕಾರ್ಯಾಚರಣೆಗಳ ಹಿನ್ನೆಲೆಯಲ್ಲಿ, ಜನಾಂಗ, ಆಡುವ ಭಾಷೆ ಅಥವಾ ಉಚ್ಚಾರಣೆ, ಇರುವ ಸ್ಥಳ, ಮಾಡುವ ಕೆಲಸ ಇಷ್ಟನ್ನೇ ಆಧರಿಸಿ ಜನರನ್ನು ತಡೆಯುವಂತಿಲ್ಲವೆಂದು ಅಲ್ಲಿನ ಫೆಡರಲ್ ನ್ಯಾಯಾಲಯ ಜುಲೈನಲ್ಲಿ ಆದೇಶಿಸಿತು. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಬಹುಮತದಿಂದ ಆ ಆದೇಶಕ್ಕೆ ತಡೆ ನೀಡಿತು. ಇದು ಮಧ್ಯಂತರ ತಡೆಯೇ ಹೊರತು ಅಂತಿಮ ತೀರ್ಪಲ್ಲ, ಹಳೆಯ ತೀರ್ಪನ್ನು ಅದು ರದ್ದುಪಡಿಸಿಲ್ಲ. ಆದರೂ ಬೀದಿಯಲ್ಲಿ ಅಧಿಕಾರಿಗಳ ಕೈ ಸಡಿಲವಾದದ್ದು ನಿಜ. ಕಂದು ಮೈಬಣ್ಣದ, ಇಂಗ್ಲಿಷನ್ನು ತಮ್ಮದೇ ಧಾಟಿಯಲ್ಲಿ ಆಡುವ ಭಾರತೀಯರು ಇದನ್ನು ಬೇರೆ ಯಾರದೋ ಸಮಸ್ಯೆ ಎಂದು ಬದಿಗಿಡುವಂತಿಲ್ಲ.

ಸಂಜೆ ಪಾರ್ಕಿಗೆ ನಡೆದಾಡಲು ಹೋಗುವ ಹಿರಿಯರ ಜೇಬಿನಲ್ಲಿ ಐ-94ರ ಮುದ್ರಿತ ಪ್ರತಿ, ಪಾಸ್‌ಪೋರ್ಟಿನ ಛಾಯಾಪ್ರತಿ ಹಾಗೂ ಮಕ್ಕಳ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ಐ-94 ಈಗ ಕಾಗದದ ಚೀಟಿಯಾಗಿ ಕೈಗೆ ಬರುವುದಿಲ್ಲ, ಸಿಬಿಪಿ ಜಾಲತಾಣದಿಂದ ತೆಗೆದುಕೊಳ್ಳಬೇಕು. ಎಷ್ಟು ದಿನ ಇರಬಹುದೆಂಬುದು ನಿರ್ಧಾರವಾಗುವುದು ಅದರಲ್ಲಿರುವ ದಿನಾಂಕದಿಂದ, ಹತ್ತು ವರ್ಷದ ವೀಸಾ ಮುದ್ರೆಯಿಂದಲ್ಲ. ಈ ಗೊಂದಲದಿಂದಲೇ ಅವಧಿ ಮೀರಿ ಉಳಿದು ತೊಂದರೆಗೆ ಸಿಲುಕಬಹುದು.

ಗಡಿ ಅಥವಾ ಕರಾವಳಿಯಿಂದ 100 ಮೈಲಿಯೊಳಗೆ ವಾಹನಗಳನ್ನು ತಪಾಸಣೆ ಮಾಡಲು ಗಡಿ ಪಡೆಗೆ ಹೆಚ್ಚಿನ ಅಧಿಕಾರವಿದೆ. ನ್ಯೂಯಾರ್ಕ್, ಲಾಸ್ ಏಂಜಲೀಸ್, ಹ್ಯೂಸ್ಟನ್, ಸಿಯಾಟಲ್ ನಗರಗಳೆಲ್ಲ ಈ ಪಟ್ಟಿಯೊಳಗೇ ಬರುತ್ತವೆ. ಅಲ್ಲಿಯೂ ವಾಸದ ಮನೆಗೆ ಹೋಗಲು ಮೇಲೆ ಹೇಳಿದ ನಿಯಮವೇ. ಕಾರ್ಯಾಚರಣೆಯನ್ನು ದೂರದಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸುವುದು ಹಕ್ಕೆಂದು ಹಲವು ಮೇಲ್ಮನವಿ ನ್ಯಾಯಾಲಯಗಳು ಒಪ್ಪಿವೆಯಾದರೂ, ವೀಸಾದಲ್ಲಿರುವವರು ಅದರ ಗೊಡವೆಗೆ ಹೋಗದಿರುವುದೇ ಕ್ಷೇಮವೆಂಬುದು ಈ ವರದಿಗಾರನ ಅಭಿಪ್ರಾಯ.

ಕಚೇರಿಗೆ ಬಂದರೆ

ಸಾಫ್ಟ್‌ವೇರ್ ಉದ್ಯೋಗಿಗಳ ಮಟ್ಟಿಗೆ ವಲಸೆ ಅಧಿಕಾರಿಯ ಭೇಟಿ ಹೆಚ್ಚಾಗಿ ನಡೆಯುವುದು ಕೆಲಸದ ಸ್ಥಳದಲ್ಲಿ. ಯುಎಸ್‌ಸಿಐಎಸ್‌ನ ವಂಚನೆ ಪತ್ತೆ ವಿಭಾಗದ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಬಂದು, ಅರ್ಜಿಯಲ್ಲಿ ಬರೆದಿರುವ ಹುದ್ದೆ, ಸಂಬಳ, ಸ್ಥಳ ನಿಜವೇ ಎಂದು ಪರಿಶೀಲಿಸುತ್ತಾರೆ. 2025ರ ಜನವರಿ 17ರಂದು ಜಾರಿಗೆ ಬಂದ ಎಚ್-1ಬಿ ನಿಯಮಾವಳಿ ಈ ಅಧಿಕಾರವನ್ನು ಲಿಖಿತಗೊಳಿಸಿದೆ. ಉದ್ಯೋಗಿಯನ್ನು ನಿಯೋಜಿಸಿರುವ ಗ್ರಾಹಕ ಕಂಪನಿಯ ಜಾಗಕ್ಕೂ, ಮನೆಯಿಂದ ಕೆಲಸ ಮಾಡುವವರಾದರೆ ಆ ವಿಳಾಸಕ್ಕೂ ಭೇಟಿ ನೀಡಬಹುದು. ಸಹಕರಿಸದಿದ್ದರೆ ಯಾರನ್ನೂ ಬಂಧಿಸುವುದಿಲ್ಲ, ಆದರೆ ಎಚ್-1ಬಿ ಅರ್ಜಿ ತಿರಸ್ಕೃತವಾಗಬಹುದು, ಮಂಜೂರಾದದ್ದು ರದ್ದಾಗಬಹುದು. ಬಾಗಿಲು ತೆರೆಯಬೇಡಿ ಎಂಬ ಚೀಟಿಯನ್ನು ಇಲ್ಲಿ ಅನುಸರಿಸಿದರೆ ಉದ್ಯೋಗಕ್ಕೇ ಕುತ್ತು. ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡು, ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ತಿಳಿಸಿ, ಗೊತ್ತಿರುವಷ್ಟನ್ನು ನಿಜವಾಗಿ ಹೇಳುವುದೇ ಸರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬೇಕು, ಅಂದಾಜು ಉತ್ತರ ಬೇಡ. ಅರ್ಜಿಯಲ್ಲಿ ತನ್ನ ಹುದ್ದೆಯನ್ನು ಏನೆಂದು ಬರೆಯಲಾಗಿದೆ ಎಂಬುದೇ ತಿಳಿಯದ ನೌಕರರಿದ್ದರೆ, ಪ್ರತಿಯನ್ನು ಕಂಪನಿಯಿಂದ ಕೇಳಿ ಪಡೆಯಲು ಇದು ಸಕಾಲ.

ಐಸ್ ಸಂಸ್ಥೆ ಬಂದರೆ ಲೆಕ್ಕ ಬೇರೆ. ಸ್ವಾಗತ ಕೊಠಡಿಯಂಥ ಸಾರ್ವಜನಿಕ ಜಾಗಕ್ಕೆ ಅವರು ಬರಬಹುದು. ಒಳಗಿನ ಭಾಗಕ್ಕೆ ಕಂಪನಿಯ ಒಪ್ಪಿಗೆ ಅಥವಾ ನ್ಯಾಯಾಲಯದ ವಾರಂಟ್ ಬೇಕು. ಉದ್ಯೋಗಿಗಳ ಐ-9 ನಮೂನೆಗಳ ತಪಾಸಣೆಗೆ ನೋಟಿಸ್ ನೀಡಿದರೆ, ಒದಗಿಸಲು ಕಂಪನಿಗೆ ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವಿದೆ. ಕೆಲಸ ಕಳೆದುಕೊಂಡ ಎಚ್-1ಬಿ ನೌಕರರಿಗೆ 2017ರ ನಿಯಮದಂತೆ ಗರಿಷ್ಠ 60 ದಿನಗಳ ಅವಕಾಶವಿದ್ದು, ಆ ಅವಧಿಯಲ್ಲಿ ಕೊನೆಯ ಸಂಬಳ ಚೀಟಿ, ಕೆಲಸ ಮುಗಿದ ದಿನದ ಪತ್ರ ಜೊತೆಗಿರಬೇಕು.

ವಿಮಾನ ನಿಲ್ದಾಣದಲ್ಲಿ

ಹಕ್ಕುಗಳು ಅತ್ಯಂತ ತೆಳುವಾಗುವುದು ಇಲ್ಲಿ. ವೀಸಾ ಎಂಬುದು ಬಾಗಿಲು ತಟ್ಟಲು ಅನುಮತಿ, ಒಳಗೆ ಬರಲು ಅಲ್ಲ. ಪ್ರವೇಶ ತಪಾಸಣೆಯ ವೇಳೆ ವಕೀಲರನ್ನು ಹೊಂದುವ ಹಕ್ಕಿಲ್ಲ. ಲಗೇಜು, ಫೋನ್, ಲ್ಯಾಪ್‌ಟಾಪ್ ತೆರೆದು ನೋಡಲು ವಾರಂಟ್ ಬೇಕಿಲ್ಲವೆಂಬುದು ಸಿಬಿಪಿ ನಿಲುವು. ದೇಶದ ಒಳಗೆ ಬಂಧಿತನ ಫೋನ್ ನೋಡಲು ವಾರಂಟ್ ಬೇಕೆಂದು 2014ರ ರೈಲಿ ತೀರ್ಪು ಹೇಳಿದ್ದರೂ ಗಡಿಗೆ ವಿನಾಯಿತಿಯಿದೆ ಎನ್ನಲಾಗುತ್ತದೆ. ಪಾಸ್‌ವರ್ಡ್ ನಿರಾಕರಿಸಿದರೆ ಅಮೆರಿಕದ ಪ್ರಜೆಯನ್ನು ಹೊರಗಿಡಲಾಗದು, ಫೋನ್ ವಶಪಡಿಸಿಕೊಳ್ಳಬಹುದು. ವೀಸಾದಾರನನ್ನು ಮರುವಿಮಾನದಲ್ಲಿ ಕಳುಹಿಸಬಹುದು.

ಗ್ರೀನ್ ಕಾರ್ಡ್ ಹೊಂದಿರುವವರು, ಅದರಲ್ಲೂ ವರ್ಷದ ಬಹುಭಾಗ ಭಾರತದಲ್ಲೇ ಕಳೆಯುವ ಹಿರಿಯರು, ಐ-407 ಎಂಬ ನಮೂನೆಯ ಬಗ್ಗೆ ಎಚ್ಚರವಿರಬೇಕು. ಅದಕ್ಕೆ ಸಹಿ ಮಾಡಿದರೆ ಗ್ರೀನ್ ಕಾರ್ಡನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಂತೆ. ಒತ್ತಾಯಕ್ಕೆ ಮಣಿದು ಸಹಿ ಮಾಡಬೇಕಾಗಿಲ್ಲ. ಒಪ್ಪದಿದ್ದಾಗ ಶಾಶ್ವತ ನಿವಾಸದ ಹಕ್ಕು ಉಳಿದಿದೆಯೇ ಇಲ್ಲವೇ ಎಂಬುದನ್ನು ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆಸಿಯೇ ತೀರ್ಮಾನಿಸಬೇಕು.

ಬಂಧನವಾದರೆ

ಬಂಧಿಸುವ ಅಧಿಕಾರಿ ಸಾಧ್ಯವಾದಷ್ಟು ಬೇಗ ತಾನು ವಲಸೆ ಅಧಿಕಾರಿ ಎಂಬುದನ್ನೂ, ಬಂಧನದ ಕಾರಣವನ್ನೂ ತಿಳಿಸಬೇಕೆಂದು ನಿಯಮವಿದೆ. ವಾರಂಟ್ ಇಲ್ಲದೆ ಬಂಧಿಸಿದ್ದರೆ, ಅಸಾಧಾರಣ ಪರಿಸ್ಥಿತಿಗಳನ್ನು ಬಿಟ್ಟು, 48 ಗಂಟೆಗಳೊಳಗೆ ಬಿಡುಗಡೆಯೋ ಬಂಧನ ಮುಂದುವರಿಕೆಯೋ ಎಂದು ನಿರ್ಧರಿಸಬೇಕು. ಆರೋಪಗಳ ಪತ್ರವನ್ನು 'ನೋಟಿಸ್ ಟು ಅಪಿಯರ್' ಎನ್ನುತ್ತಾರೆ. ಅದರಲ್ಲಿ ನಮೂದಿಸಿದ ದಿನ ಹಾಜರಾಗದಿದ್ದರೆ ಗೈರುಹಾಜರಿಯಲ್ಲೇ ಗಡೀಪಾರು ಆದೇಶ ಹೊರಬೀಳಬಹುದು.

ಈ ಹಂತದಲ್ಲಿ ಮುಂದಿಡುವ ಕಾಗದಗಳೇ ಅತಿ ಅಪಾಯಕಾರಿ. ಸಹಿ ಮಾಡಿದರೆ ಬೇಗ ಊರಿಗೆ ಹೋಗಬಹುದು ಎಂಬ ಮಾತಿಗೆ ಮರುಳಾಗಿ ಹಾಕಿದ ಸಹಿ, ನ್ಯಾಯಾಧೀಶರ ಮುಂದೆ ನಿಲ್ಲುವ ಹಕ್ಕನ್ನೇ ಬಿಟ್ಟುಕೊಟ್ಟಂತೆ ಆಗಬಹುದು, ವರ್ಷಗಟ್ಟಲೆ ಮರುಪ್ರವೇಶ ನಿಷೇಧಕ್ಕೂ ದಾರಿಯಾಗಬಹುದು. ಓದಿ ಅರ್ಥವಾಗದ ಯಾವ ಕಾಗದಕ್ಕೂ ವಕೀಲರು ನೋಡುವ ತನಕ ಸಹಿ ಬೇಡ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಖರ್ಚು ಮಾತ್ರ ತಮ್ಮದೇ. ವಿಚಾರಣೆಯಲ್ಲಿ ಭಾಷಾಂತರಕಾರರನ್ನು ಸರ್ಕಾರಿ ವೆಚ್ಚದಲ್ಲಿ ಒದಗಿಸಲಾಗುತ್ತದೆ. ಹಿಂದಿ ಅರೆಬರೆ ಬಲ್ಲ ಕನ್ನಡಿಗರು ಸಂಕೋಚದಿಂದ ಹಿಂದಿಗೆ ಒಪ್ಪಿಕೊಳ್ಳದೆ, ಕನ್ನಡ ಭಾಷಾಂತರಕಾರರೇ ಬೇಕೆಂದು ಕೇಳಬಹುದು.

1963ರ ವಿಯೆನ್ನಾ ಒಪ್ಪಂದದಂತೆ ಬಂಧಿತ ವಿದೇಶೀಯನಿಗೆ ತನ್ನ ದೇಶದ ದೂತಾವಾಸವನ್ನು ಸಂಪರ್ಕಿಸುವ ಹಕ್ಕಿದೆ, ಇದನ್ನು ಅಧಿಕಾರಿಗಳು ತಿಳಿಸಲೇಬೇಕು. ಆದರೆ ಕೆಲವು ದೇಶಗಳ ನಾಗರಿಕರ ಬಂಧನವನ್ನು ಅವರು ಕೇಳಲಿ ಬಿಡಲಿ ದೂತಾವಾಸಕ್ಕೆ ತಿಳಿಸಬೇಕಾದ ಪಟ್ಟಿಯೊಂದಿದ್ದು, ಅದರಲ್ಲಿ ಭಾರತ ಇಲ್ಲ. ಹೀಗಾಗಿ ಬಂಧಿತರೇ ಬಾಯಿಬಿಟ್ಟು ಕೇಳಬೇಕು. ವಾಷಿಂಗ್ಟನ್‌ನ ರಾಯಭಾರ ಕಚೇರಿಯಲ್ಲದೆ ನ್ಯೂಯಾರ್ಕ್, ಶಿಕಾಗೊ, ಹ್ಯೂಸ್ಟನ್, ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್‌ಗಳಲ್ಲಿ ಭಾರತದ ದೂತಾವಾಸಗಳಿವೆ.

ದೂತಾವಾಸದ ಮಧ್ಯಪ್ರವೇಶಕ್ಕೆ ಬೆಲೆ ಇದೆ ಎಂಬುದಕ್ಕೆ ಎರಡು ನಿದರ್ಶನ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯ ಮೋಸದ ಸಂಸ್ಥೆಯೆಂದು ಬಯಲಾದಾಗ ಅಲ್ಲಿ ಹೆಸರು ನೋಂದಾಯಿಸಿದ್ದವರಲ್ಲಿ ಬಹುತೇಕರು ಭಾರತೀಯರು. ಕೆಲವರ ಕಾಲಿಗೆ ನಿಗಾ ಸಾಧನ ತೊಡಿಸಲಾಯಿತು. ಆಗ ವಿದೇಶಾಂಗ ಸಚಿವರಾಗಿದ್ದ, ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅದನ್ನು ಬಹಿರಂಗವಾಗಿ ಖಂಡಿಸಿದ್ದರು. 2019ರ ಆರಂಭದಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಪ್ರಕರಣದಲ್ಲಿ 129 ಭಾರತೀಯ ವಿದ್ಯಾರ್ಥಿಗಳು ಬಂಧನಕ್ಕೊಳಗಾದರು. ಆ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಸ್ವತಃ ಅಮೆರಿಕದ ಅಧಿಕಾರಿಗಳೇ, ಬಲೆ ಬೀಸಲೆಂದು! ಭಾರತೀಯ ರಾಯಭಾರ ಕಚೇರಿ ಆಗ ಹಗಲಿರುಳೂ ಸಹಾಯವಾಣಿ ತೆರೆದಿತ್ತು.

ಜಾಮೀನಿನ ವಿಷಯದಲ್ಲಿ ಸದ್ಯ ಗೊಂದಲವಿದೆ. ಕಾನೂನಿನಂತೆ ಕನಿಷ್ಠ ಜಾಮೀನು ಮೊತ್ತ 1,500 ಡಾಲರ್. ವೀಸಾ ಪಡೆದು ಬಂದವರಿಗೆ, ಗಂಭೀರ ಅಪರಾಧದ ಹಿನ್ನೆಲೆ ಇರದಿದ್ದರೆ, ಜಾಮೀನು ಕೇಳುವ ಅವಕಾಶ ಉಂಟು. ತಪಾಸಣೆಯಿಲ್ಲದೆ ಗಡಿ ದಾಟಿದವರಿಗೆ ಆ ಅವಕಾಶವೇ ಇಲ್ಲವೆಂದು ವಲಸೆ ಮೇಲ್ಮನವಿ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು, ಫೆಡರಲ್ ನ್ಯಾಯಾಲಯಗಳು ಇದರ ಬಗ್ಗೆ ಭಿನ್ನ ತೀರ್ಪುಗಳನ್ನು ನೀಡಿವೆ.

ಬಂಧಿತರನ್ನು ದೂರದ ರಾಜ್ಯಗಳಿಗೆ ಸಾಗಿಸುವುದು ಸಾಮಾನ್ಯವಾಗಿದೆ. 2025ರ ಮಾರ್ಚ್‌ನಲ್ಲಿ ವರ್ಜೀನಿಯಾದಲ್ಲಿ ಬಂಧನಕ್ಕೊಳಗಾದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಭಾರತೀಯ ಸಂಶೋಧಕರೊಬ್ಬರನ್ನು ಲೂಸಿಯಾನಕ್ಕೂ ಅಲ್ಲಿಂದ ಟೆಕ್ಸಾಸ್‌ಗೂ ಒಯ್ಯಲಾಯಿತು. ಹೇಬಿಯಸ್ ಕಾರ್ಪಸ್ ಅರ್ಜಿಯ ಮೇಲೆ ನ್ಯಾಯಾಲಯ ಮೇ 14ರಂದು ಅವರ ಬಿಡುಗಡೆಗೆ ಆದೇಶಿಸಿತು.

ಹೀಗೆ ಕಣ್ಮರೆಯಾದವರನ್ನು ಹುಡುಕಲು ಐಸ್ ಸಂಸ್ಥೆಯ ಜಾಲತಾಣದಲ್ಲಿ ಬಂಧಿತರ ಶೋಧ ವ್ಯವಸ್ಥೆ ಇದೆ. ವಲಸೆ ಕಡತದ 'ಎ' ಸಂಖ್ಯೆ ಮತ್ತು ಹುಟ್ಟಿದ ದೇಶದ ಹೆಸರು ಕೊಟ್ಟರೆ ಎಲ್ಲಿದ್ದಾರೆಂದು ತಿಳಿಯುತ್ತದೆ. 'ಎ' ಸಂಖ್ಯೆ ಗ್ರೀನ್ ಕಾರ್ಡ್ ಹಾಗೂ ಉದ್ಯೋಗ ಪರವಾನಗಿ ಕಾರ್ಡುಗಳ ಮೇಲೆ ಇರುತ್ತದೆ. ಅದಿಲ್ಲದಿದ್ದರೆ ಹೆಸರು, ಹುಟ್ಟಿದ ದೇಶ ಮತ್ತು ಜನ್ಮದಿನಾಂಕದಿಂದ ಹುಡುಕಬಹುದು, ಆದರೆ ಹೆಸರನ್ನು ಕಡತದಲ್ಲಿರುವಂತೆಯೇ ಬರೆಯಬೇಕು. ತಂದೆಯ ಹೆಸರು, ಊರಿನ ಹೆಸರು ಮುಂದೋ ಹಿಂದೋ ಸೇರಿಕೊಂಡಿರುವ ನಮ್ಮ ಹೆಸರುಗಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಪಾಸ್‌ಪೋರ್ಟಿನ ಮೊದಲ ಹಾಗೂ ಕೊನೆಯ ಪುಟ, ಐ-94, ಐ-797 ಅಥವಾ ಐ-20, ಕಾರ್ಡುಗಳ ಎರಡೂ ಬದಿ, ಒಬ್ಬ ವಲಸೆ ವಕೀಲರ ಹೆಸರು ಮತ್ತು ಫೋನ್ ಸಂಖ್ಯೆ, ಇಷ್ಟರ ಪ್ರತಿಗಳನ್ನು ಅಮೆರಿಕದಲ್ಲಿ ನಂಬಿಕಸ್ತ ಸ್ನೇಹಿತರೊಬ್ಬರ ಬಳಿಯೂ, ಇಲ್ಲಿ ಊರಿನಲ್ಲಿ ಮನೆಯವರ ಬಳಿಯೂ ಇರಿಸಬೇಕು. ವಕೀಲರ ಪರವಾಗಿ ಸಲ್ಲಿಸುವ ಜಿ-28 ನಮೂನೆಗೆ ಮೊದಲೇ ಸಹಿ ಮಾಡಿಟ್ಟಿದ್ದರೆ, ಬಂಧನದ ಸುದ್ದಿ ತಿಳಿದ ದಿನವೇ ವಕೀಲರು ಕೆಲಸ ಆರಂಭಿಸಬಹುದು.